ಅಜ್ಜಿಗೆ ಗಾಡ್ಜಿಲ್ಲಾ ಹೇಗೆ ಗೊತ್ತು?

ಪ್ರೀತಿಯ ಗೆಳೆಯಾ,

ನಿನ್ನ ಸ್ಕ್ರಿಪ್ಟು ತಲುಪಿತು. ಜೊತೆಗಿದ್ದ ಪತ್ರವನ್ನು ಎರಡು ಸಲ ಓದಿದೆ. "ಯಾರೂ ನಗಲಿಲ್ಲ ಸಾರ್, ಬರೆಯೋದನ್ನೇ ಬಿಟ್ಟುಬಿಡ್ತೀನಿ" ಅಂದಿದ್ದೀಯ. ಬಿಡಬೇಡ. ನನಗೆ ಒಂದು ಕಡೆ ಜೋರಾಗಿಯೇ ನಗು ಬಂತು, ಅದು ಎಲ್ಲಿ ಅಂತ ಆಮೇಲೆ ಹೇಳುತ್ತೇನೆ.

ಸೀನ್ ನಂಬರು, ಫಾರ್ಮ್ಯಾಟು, ಎಷ್ಟು ನಿಮಿಷಕ್ಕೆ ಎಷ್ಟು ಪುಟ, ಇದೆಲ್ಲ ಯಾರನ್ನು ಕೇಳಿದರೂ ಹೇಳಿಕೊಡುತ್ತಾರೆ. ನನಗೆ ಹೇಳಬೇಕಾಗಿರುವುದು ಒಂದೇ ವಿಷಯ.

ಪೆನ್ಸಿಲ್ ಹಿಡಿದು ಎಣಿಸಿದೆ. ನಿನ್ನ ಕಾರ್ಟೂನ್ ಕುಟುಂಬ ಟೋಕಿಯೋದಲ್ಲಿ ಇಳಿದ ಮೇಲೆ ಹದಿನೆಂಟು ಪುಟಗಳಲ್ಲಿ 31 ಸಲ ಯಾವುದೋ ಸಿನಿಮಾ, ಅನಿಮೆ ಅನ್ನೋ ಜಪಾನಿ ಕಾರ್ಟೂನು, ವಿಡಿಯೋ ಗೇಮ್ ಬರುತ್ತೆ. ಪ್ರತಿಯೊಂದರ ಪಕ್ಕವೂ ನಾನು ಒಂದೇ ಪ್ರಶ್ನೆ ಬರೆದಿದ್ದೇನೆ, ಬೇಜಾರು ಮಾಡ್ಕೋಬೇಡ: ಇದು ಯಾರ ನೆನಪು?

ಸಿಂಪ್ಸನ್ಸ್ ಅನ್ನೋ ಅಮೆರಿಕದ ಕಾರ್ಟೂನ್ ಧಾರಾವಾಹಿ ನೋಡಿ ಬರೆದೆ ಅಂತ ನೀನೇ ಹೇಳಿದ್ದೀಯ. ಸರಿ, ಅವರು ಜಪಾನಿಗೆ ಹೋದ ಎಪಿಸೋಡನ್ನೇ ತಗೋ, 1999ರ ಮೇ ತಿಂಗಳದ್ದು. ಮುಖ ಊದಿಸಿಕೊಂಡ ಅಪ್ಪ ಹೋಮರ್‌ಗೆ ಅವನ ಹೆಂಡತಿ ಮಾರ್ಜ್ ಸಮಾಧಾನ ಹೇಳುತ್ತಾಳೆ: ಜಪಾನ್ ಚೆನ್ನಾಗಿರುತ್ತೆ, ನಿನಗೆ ರಾಶೋಮಾನ್ ಇಷ್ಟವಾಗಿತ್ತಲ್ಲ. ಅವನು ಹೇಳುವುದು ಇಷ್ಟೇ, ನನಗೆ ಹಾಗೆ ನೆನಪಿಲ್ಲ. ಜಪಾನಿ ನಿರ್ದೇಶಕ ಕುರೊಸಾವಾ 1950ರಲ್ಲಿ ಮಾಡಿದ ಆ ಸಿನಿಮಾದಲ್ಲಿ ಒಂದೇ ಕೊಲೆಯನ್ನು ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಾರೆ. ಅಂದರೆ ಹೋಮರ್ ಒಂದು ಮಾತಿನಲ್ಲಿ ಇಡೀ ಸಿನಿಮಾ ಹೇಳಿಬಿಟ್ಟ. ಆದರೆ ಸಿನಿಮಾ ನೋಡದವರೂ ನಗುತ್ತಾರೆ. ಗಂಡ ಹೆಂಡತಿ ಪ್ರಯಾಣದಲ್ಲಿ ಆಡುವ ಮಾತೇ ಅದು, ಅಲ್ವಾ?

ಅದೇ ಎಪಿಸೋಡಿನಲ್ಲಿ ರೋಬೋಟ್ ಕಾರ್ಟೂನ್ ನೋಡುತ್ತಾ ಮನೆಯವರೆಲ್ಲ ಫಿಟ್ಸ್ ಬಂದು ಬೀಳುತ್ತಾರೆ. 1997ರ ಡಿಸೆಂಬರ್‌ನಲ್ಲಿ ಜಪಾನಿ ಕಾರ್ಟೂನ್ ಪೋಕೆಮಾನ್‌ನ ಒಂದು ಭಾಗದಲ್ಲಿ ಬೆಳಕು ಪಟಪಟ ಮಿನುಗಿ ಜಪಾನಿನಲ್ಲಿ ಸುಮಾರು 685 ಮಕ್ಕಳು ಆಸ್ಪತ್ರೆ ಸೇರಿದ್ದರು. ಅದು ಗೊತ್ತಿಲ್ಲದಿದ್ದರೂ ನಷ್ಟವಿಲ್ಲ. ಯಾಕೆಂದರೆ ಹೋಮರ್ ಕೊನೆಗೆ ಬರುತ್ತಾನೆ, ಎಲ್ಲರೂ ನೆಲದ ಮೇಲೆ ಒದ್ದಾಡುತ್ತಿರುವುದನ್ನು ನೋಡುತ್ತಾನೆ, ತಾನೂ ಮಲಗಿ ಒದ್ದಾಡಲು ಶುರು ಮಾಡುತ್ತಾನೆ. ಅವನ ಸ್ವಭಾವವೇ ಹಾಗೆ.

1995ರಲ್ಲಿ ಅವರು ಆಸ್ಟ್ರೇಲಿಯಾಕ್ಕೆ ಹೋದಾಗಲೂ ಅಷ್ಟೇ. ಮಗ ಬಾರ್ಟ್ ತಂದ ಒಂದು ಕಪ್ಪೆ ಅಲ್ಲಿ ಸಾವಿರವಾಗಿ ಬೆಳೆ ತಿಂದು ಹಾಕುತ್ತೆ. ಕಬ್ಬಿಗೆ ಬೀಳುವ ಹುಳ ತಿನ್ನಲಿ ಅಂತ 1935ರಲ್ಲಿ ಕ್ವೀನ್ಸ್‌ಲ್ಯಾಂಡಿಗೆ ನೆಲಗಪ್ಪೆ ತಂದು ಬಿಟ್ಟು, ಆಮೇಲೆ ಆ ಕಪ್ಪೆಯನ್ನೇ ತಡೆಯಲಾಗದೆ ಸೋತ ದೇಶ ಅದು. ಅಲ್ಲಿ ನೆನಪು ಆ ನೆಲದ್ದು.

ನಿನ್ನ ಸ್ಕ್ರಿಪ್ಟಿನಲ್ಲಿ ಗಾಡ್ಜಿಲ್ಲಾ ಅನ್ನೋ ಜಪಾನಿ ಸಿನಿಮಾದ ದೈತ್ಯ ಪ್ರಾಣಿಯ ಹೆಸರು ಹೇಳುವವಳು ಎಪ್ಪತ್ತು ದಾಟಿದ ಅಜ್ಜಿ. ಅವಳಿಗೆ ಅದು ಹೇಗೆ ಗೊತ್ತು? ಅವಳಿಗೆ ಗೊತ್ತಿರುವುದು ಅಣ್ಣಾವ್ರ ಸಿನಿಮಾಗಳು. ಆ ಎತ್ತರದ ಕಟ್ಟಡಗಳನ್ನು ನೋಡಿ ಅವಳಿಗೆ ಅಣ್ಣಾವ್ರ ಯಾವುದೋ ಸೀನು ಜ್ಞಾಪಕ ಬರಬೇಕಿತ್ತು. ನೀನು ನಿನ್ನ ಮೊಬೈಲಿನಲ್ಲಿ ಇದ್ದದ್ದನ್ನು ಅವಳ ಬಾಯಿಗೆ ತುರುಕಿದ್ದೀಯ. ಇದು ಸುಳ್ಳು. ಸುಳ್ಳು ಕಂಡರೆ ನನಗೆ ತಡೆಯಲು ಆಗುವುದಿಲ್ಲ, ಯಾಕೆಂದರೆ ಈ ತಪ್ಪನ್ನು ನಾನೇ ವರ್ಷಗಟ್ಟಲೆ ಮಾಡಿದ್ದೇನೆ.

ಇಪ್ಪತ್ತೇಳನೇ ವಯಸ್ಸಿನಲ್ಲಿ ಒಂದು ಹಾಸ್ಯ ನಾಟಕ ಬರೆದೆ. ಅದರಲ್ಲಿ ಒಬ್ಬ ಗುಮಾಸ್ತ ಮಾತುಮಾತಿಗೆ ರಾಶೋಮಾನ್ ಎತ್ತುತ್ತಿದ್ದ. ನಾನು ಆ ಸಿನಿಮಾ ನೋಡಿರಲಿಲ್ಲ, ಎಲ್ಲೋ ಒಂದು ಲೇಖನ ಓದಿದ್ದೆ ಅಷ್ಟೆ. ಒಬ್ಬ ಸಂಪಾದಕರು "ಎಷ್ಟು ತಿಳಿದುಕೊಂಡಿದ್ದೀರಿ!" ಅಂತ ಬೆನ್ನು ತಟ್ಟಿದರು. ಆ ಹೊಗಳಿಕೆ ನನಗೆ ಹತ್ತು ವರ್ಷ ಕೆಡುಕು ಮಾಡಿತು. ಅವರ ಮೇಲೆ ಇವತ್ತಿಗೂ ಸಿಟ್ಟಿದೆ, ಅದನ್ನು ಮುಚ್ಚಿಡುವುದಿಲ್ಲ. ಆಮೇಲೆ ಒಂದು ಫಿಲ್ಮ್ ಸೊಸೈಟಿಯ ಹಳೇ ಪ್ರಿಂಟಿನಲ್ಲಿ ಸಿನಿಮಾ ನೋಡಿದೆ. ಶುರುವಿನಲ್ಲೇ ಮುರುಕು ದ್ವಾರ, ಧೋ ಅಂತ ಸುರಿಯುವ ಮಳೆ, ಅದರಡಿ ಕೂತವನು ನನಗೆ ಏನೂ ಅರ್ಥವಾಗುತ್ತಿಲ್ಲ ಅನ್ನುತ್ತಾನೆ. ನನ್ನ ಗುಮಾಸ್ತ ಇದರಲ್ಲಿ ಒಂದು ಹನಿ ಮಳೆಯನ್ನೂ ಕಂಡಿರಲಿಲ್ಲ. ಆ ನಾಟಕವನ್ನು ಮತ್ತೆ ಅಚ್ಚಿಗೆ ಕೊಡಲಿಲ್ಲ.

ಈಗ ನಾನು ನಕ್ಕ ಜಾಗ. ಹನ್ನೊಂದನೇ ಪುಟ. ಸ್ಟೇಷನ್ನಿನಲ್ಲಿ ಬಿಳಿ ಗ್ಲೌಸು ಹಾಕಿದವನು ಬಾಗಿ ನಮಸ್ಕರಿಸುತ್ತಾನೆ, ಅಜ್ಜಿ ಚಟ್ನಿಪುಡಿ ಡಬ್ಬ ಕಂಕುಳಲ್ಲಿ ಇಟ್ಟುಕೊಂಡು ಕೈ ಮುಗಿಯುತ್ತಾಳೆ, ಅವನು ಮತ್ತೆ ಬಾಗುತ್ತಾನೆ, ಇವಳು ಮತ್ತೆ ಮುಗಿಯುತ್ತಾಳೆ, ಅಷ್ಟರಲ್ಲಿ ರೈಲು ಹೊರಟೇಹೋಗುತ್ತೆ. ಅಲ್ಲಿ ಒಂದೇ ಒಂದು ಸಿನಿಮಾ ಹೆಸರಿಲ್ಲ. ಮುಂದಿನ ಸಾಲಿನಲ್ಲೇ ನೀನು ಹೆದರಿ ಒಂದು ನಿಂಜಾ ತಂದು ನಿಲ್ಲಿಸಿದ್ದೀಯ. ಯಾಕೋ ಮಾರಾಯ?

ಆ ನಿಂಜಾನನ್ನು ತೆಗೆ. ಅಜ್ಜಿ ಪ್ಲಾಟ್‌ಫಾರ್ಮಿನಲ್ಲೇ ಉಳಿಯಲಿ, ಮುಂದಿನ ರೈಲು ಬರುವವರೆಗೆ ಅವಳು ಏನು ಮಾಡುತ್ತಾಳೆ ಅಂತ ಎರಡು ಪುಟ ಬರೆದು ಕಳಿಸು. ಅವಳು ಯಾವ ಊರಿನವಳು, ಯಾವ ಟಾಕೀಸಿನಲ್ಲಿ ಯಾರ ಜೊತೆ ಸಿನಿಮಾ ನೋಡುತ್ತಿದ್ದಳು, ಅದೂ ಎಲ್ಲೂ ಇಲ್ಲ. ಮೊದಲು ಅದನ್ನು ತಿಳಿಸು.

ಪ್ರೀತಿಯಿಂದ,
ನಿನ್ನ ಹಿರಿಯ ಗೆಳೆಯ