ನೆಪೋಲಿಯನ್ ಓಡಿದ, ಬಿಲ್ ಸ್ಟೆಪ್ ಓಡಿಸಿದ

ಗೆಳೆಯಾ,

ಪಿಟೀಲಿನ ಶ್ರುತಿ ಬದಲಿಸಿಕೊಂಡು ನುಡಿಸೋದು ನಮ್ಮವರಿಗೆ ಮಾತ್ರ ಗೊತ್ತು ಅಂತ ಹೋದ ಸಲ ವಾದ ಹೂಡಿದ್ದೆ ನೀನು. ಅವತ್ತು ನನಗೆ ಉತ್ತರ ಹೊಳೆಯಲಿಲ್ಲ. ಈಗ ಸಿಕ್ಕಿದೆ. ‘ಬೋನಪಾರ್ಟ್ಸ್ ರಿಟ್ರೀಟ್’, ಅಂದರೆ ಬೋನಪಾರ್ಟ್ ಹಿಮ್ಮೆಟ್ಟಿದ್ದು, ಅಂತ ಅಮೆರಿಕದ ಹಳೇ ಫಿಡಲ್ (ಪಿಟೀಲಿಗೆ ಅಲ್ಲಿನ ಹೆಸರು) ಧಾಟಿಯೊಂದಿದೆ. ಕೆಂಟಕಿ ರಾಜ್ಯದ ವಿಲಿಯಂ (ಬಿಲ್) ಹ್ಯಾಮಿಲ್ಟನ್ ಸ್ಟೆಪ್ ನುಡಿಸಿದ್ದನ್ನೇ ಹುಡುಕಿ ಕೇಳು. ಆಮೇಲೆ ಈ ಪತ್ರ ಮುಂದುವರಿಸು.

ಕೇಳಿದೆಯಾ? ತಂಬೂರಿ ಎಲ್ಲಿಂದ ಬಂತು ಅನ್ನಿಸ್ತಲ್ವಾ? ತಂಬೂರಿ ಇಲ್ಲ. ನಾಲ್ಕು ತಂತಿಗೆ ಜಿ-ಡಿ-ಎ-ಇ ಅನ್ನೋ ಪಾಶ್ಚಾತ್ಯ ಸ್ವರಗಳು ಅವರ ಮಾಮೂಲಿ ಶ್ರುತಿ. ಈ ಧಾಟಿಗೆ ದಪ್ಪನೆಯ ಜಿ ತಂತಿ, ತೆಳ್ಳಗಿನ ಇ ತಂತಿ ಎರಡನ್ನೂ ಡಿಗೆ ಇಳಿಸುತ್ತಾರೆ. ನಮ್ಮ ಲೆಕ್ಕದಲ್ಲಿ ಸ-ಸ-ಪ-ಸ. ಕಮಾನು ಒಂದು ತಂತಿಯಲ್ಲಿ ಧಾಟಿ ಎಳೆಯುತ್ತಿದ್ದರೆ ಪಕ್ಕದ ತಂತಿ ಗುಂಯ್ ಅನ್ನುತ್ತಲೇ ಇರುತ್ತದೆ.

ಹೆಸರಲ್ಲಿರುವ ಬೋನಪಾರ್ಟ್ ನೆಪೋಲಿಯನ್ನೇ. ಐರ್ಲೆಂಡಿನಲ್ಲಿ ಅವನ ಹೆಸರಿನ ಹಾಡುಗಳು ಬೇಕಾದಷ್ಟಿವೆ. ಇಂಗ್ಲಿಷರ ವೈರಿ, ಹಾಗಾಗಿ ನಮ್ಮವನು ಅನ್ನೋ ಲೆಕ್ಕ. 1799ರಲ್ಲಿ ನಮ್ಮ ಟಿಪ್ಪುವಿಗೆ ಕಾಗದ ಬರೆದವನೂ ಅವನೇ ಅಲ್ವಾ? ಅದು ಟಿಪ್ಪುವಿನ ಕೈ ಸೇರಲಿಲ್ಲ, ಆ ಮಾತು ಬೇರೆ. ಅಮೆರಿಕದ ದಕ್ಷಿಣದಲ್ಲಂತೂ ಈ ಧಾಟಿ ತುಂಬ ಜನರ ಕೈಯಲ್ಲಿತ್ತು. ಜಾರ್ಜಿಯಾದ ಎ. ಎ. ಗ್ರೇ 1924ರಲ್ಲೇ ಗ್ರಾಮಫೋನ್ ತಟ್ಟೆಗೆ ನುಡಿಸಿದ್ದರು.

ಹೆಚ್ಚಿನವರು ಇದನ್ನು ನಿಧಾನದ ನಡಿಗೆಯಲ್ಲೇ ನುಡಿಸುತ್ತಿದ್ದರು. ಸೋತ ಸೈನ್ಯ ಅಲ್ವಾ, ಕಾಲೆಳೆದುಕೊಂಡೇ ಹೋಗಬೇಕು. ಸ್ಟೆಪ್ ಆ ಮರ್ಯಾದೆಯನ್ನೆಲ್ಲ ಬದಿಗಿಟ್ಟು ಅದನ್ನು ರೀಲ್ ಅನ್ನೋ ವೇಗದ ಕುಣಿತದ ಧಾಟಿ ಮಾಡಿಬಿಟ್ಟರು. 1937ರ ಅಕ್ಟೋಬರ್‌ನಲ್ಲಿ ಕೆಂಟಕಿಯ ಸ್ಯಾಲಿಯರ್ಸ್‌ವಿಲ್ ಊರಿಗೆ ಜನಪದ ಹಾಡು ಸಂಗ್ರಹಿಸುವ ಅಲನ್ ಲೋಮ್ಯಾಕ್ಸ್ ಬಂದರು. ಇಪ್ಪತ್ತೆರಡರ ಹುಡುಗ. ಜೊತೆಗೆ ಹೆಂಡತಿ ಎಲಿಜಬೆತ್, ತಟ್ಟೆ ಕೊರೆದು ಧ್ವನಿ ಮುದ್ರಿಸುವ ಯಂತ್ರ. ಅರವತ್ತು ದಾಟಿದ ಸ್ಟೆಪ್ ಅಮೆರಿಕದ ರಾಷ್ಟ್ರೀಯ ಗ್ರಂಥಾಲಯವಾದ ಲೈಬ್ರರಿ ಆಫ್ ಕಾಂಗ್ರೆಸ್ಸಿಗಾಗಿ ನುಡಿಸಿದರು. ಅಷ್ಟೇ.

ನನಗೆ ಜಾಸ್ತಿ ಇಷ್ಟವಾದದ್ದು ಮುಂದಿನ ಕಥೆ. ರುತ್ ಕ್ರಾಫರ್ಡ್ ಸೀಗರ್ ಅನ್ನುವ ಸಂಗೀತಗಾರ್ತಿ ಆ ತಟ್ಟೆಯನ್ನು ಮತ್ತೆ ಮತ್ತೆ ಕೇಳಿ, ಸ್ವರ ಸ್ವರವನ್ನೂ ಕಾಗದಕ್ಕಿಳಿಸಿದರು. ಲೋಮ್ಯಾಕ್ಸರ ಸಂಗ್ರಹದಲ್ಲಿ ಅದು 1941ರಲ್ಲಿ ಅಚ್ಚಾಯಿತು. ಮರುವರ್ಷ ಅಮೆರಿಕದ ಸಂಗೀತ ಸಂಯೋಜಕ ಆರನ್ ಕೋಪ್ಲಂಡ್ ತಮ್ಮ ‘ರೋಡಿಯೊ’ ಬ್ಯಾಲೆ ನೃತ್ಯನಾಟಕದ ‘ಹೋ-ಡೌನ್’ ಭಾಗಕ್ಕೆ ಅದನ್ನೇ ಹೆಚ್ಚುಕಡಿಮೆ ಇದ್ದಹಾಗೇ ಎತ್ತಿಕೊಂಡರು. ಸ್ಟೆಪ್ಪರ ಓಟವೂ ಜೊತೆಗೇ ಹೋಯಿತು. ಅವತ್ತು ಅವರು ನಿಧಾನವಾಗಿ ನುಡಿಸಿದ್ದರೆ ಕೋಪ್ಲಂಡ್ ಪುಟ ತಿರುವಿ ಮುಂದೆ ಹೋಗುತ್ತಿದ್ದರು ಅಂತ ನನ್ನ ಗುಮಾನಿ. 1972ರಲ್ಲಿ ಆ ‘ಹೋ-ಡೌನ್’ ಅನ್ನು ರಾಕ್ ತಂಡವೊಂದು ನುಡಿಸಿತು, ಆಮೇಲೆ ಟೀವಿಯ ದನದ ಮಾಂಸದ ಜಾಹೀರಾತಿಗೂ ಬಂತು. ಆ ಜಾಹೀರಾತು ನೋಡಿದವರಲ್ಲಿ ಸ್ಟೆಪ್ ಹೆಸರು ಕೇಳಿದವರು ಎಷ್ಟು ಜನ ಇದ್ದಾರು?

ಭಾನುವಾರ ಬರ್ತೀನಿ. ನಿನ್ನ ಹಳೇ ಪಿಟೀಲಿಗೆ ಸ-ಸ-ಪ-ಸ ಕೂಡಿಸಿಡು. ದಪ್ಪ ತಂತಿ ಸಡಿಲವಾಗಿ ಗೊರಗೊರ ಅನ್ನುತ್ತೆ, ಕಮಾನು ಹಗುರವಾಗಿ ಹಿಡಿ. ಒಳ್ಳೇ ಪಿಟೀಲನ್ನು ಮುಟ್ಟಬೇಡ ಮತ್ತೆ.

ನಿನ್ನ,
ವಾದದಲ್ಲಿ ಗೆದ್ದ ಗೆಳೆಯ