ಮೊದಲ ಲೋಟ ಚೆಲ್ಲಿದರೆ ಸಾಕು ಅನ್ನೋದು ತಪ್ಪು

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರ ನಿಮ್ಮ ಪುರವಣಿಯಲ್ಲಿ ದ್ರಾಕ್ಷಿ ಸಿಪ್ಪೆಯಿಂದ ಮದ್ಯ ಇಳಿಸುವ ಬಗ್ಗೆ ಲೇಖನ ಬಂದಿತ್ತು. ಇಟಲಿಯ ಗ್ರಾಪ್ಪಾ, ಸ್ಪೇನಿನ ಒರುಹೋ ಎಲ್ಲ ಹೇಳಿ, ನಮ್ಮ ಚಿಕ್ಕಬಳ್ಳಾಪುರದ ಕಡೆಯ ಸಿಪ್ಪೆ ಸುಮ್ನೆ ತಿಪ್ಪೆಗೆ ಹೋಗುತ್ತಿದೆ ಅಂತ ಬರೆದಿದ್ದೀರಿ. ಸರಿಯಾಗೇ ಇದೆ. ಆದರೆ ಮಧ್ಯದಲ್ಲಿ ಒಂದು ಸಾಲು ಇದೆ ನೋಡಿ, ಬಟ್ಟಿ ಇಳಿಸುವಾಗ ಮೊದಲು ಬರುವ ಒಂದು ಲೋಟ ಚೆಲ್ಲಿಬಿಟ್ಟರೆ ಮೆಥನಾಲ್ ಅನ್ನೋ ವಿಷ ಹೋಗುತ್ತದೆ, ಮಿಕ್ಕಿದ್ದನ್ನು ಮೂಗಿನಲ್ಲೇ ಪರೀಕ್ಷೆ ಮಾಡಬಹುದು ಅಂತ. ಅದನ್ನು ಓದಿ ಎರಡು ದಿನ ಸುಮ್ಮನಿದ್ದೆ, ಯಾರಾದರೂ ಬರೆಯುತ್ತಾರೆ ಅಂತ. ಯಾರೂ ಬರೆಯಲಿಲ್ಲ.

ನಾನು ನೀಲಿ ದ್ರಾಕ್ಷಿ ಬೆಳೆಯುವವನು. ತೋಟ ಚಿಕ್ಕದು. ಎರಡು ಸೀಸನ್ ಒಂದು ವೈನರಿಯಲ್ಲಿ ಕೂಲಿಗೂ ಹೋಗಿದ್ದೆ, ಹಿಂಡಿ ಉಳಿದ ಸಿಪ್ಪೆ ಬೀಜ ಹೊರಗೆ ಸಾಗಿಸುವ ಕೆಲಸ. 100 ಕೆಜಿ ಹಣ್ಣಿಗೆ ಸುಮಾರು 20 ಕೆಜಿ ಸಿಪ್ಪೆ ಉಳಿಯುತ್ತದೆ ಅಂದುಕೊಳ್ಳಿ. ಆ ಗುಡ್ಡೆಯ ವಾಸನೆ ಹೇಗೆ ಬದಲಾಗುತ್ತದೆ ಅಂತ ಮೂಗೇ ಕಲಿಸಿತು. ಬೆಳಿಗ್ಗೆ ತಂದು ಹಾಕಿದಾಗ ಘಮ್ ಅಂತ ಹಣ್ಣಿನ ವಾಸನೆ. ಮರುದಿನ ಕೈ ಹಾಕಿದರೆ ಒಳಗೆ ಬೆಚ್ಚಗೆ, ವಾಸನೆ ಹುಳಿ. ಮೂರನೇ ದಿನ ಹತ್ತಿರ ಹೋಗೋಕೆ ಆಗಲ್ಲ. ಅಲ್ಲಿನ ಕೆಮಿಸ್ಟ್ ಒಬ್ಬರು ಬಿಡುವಾದಾಗಲೆಲ್ಲ ಹೇಳಿಕೊಟ್ಟರು, ಅಲ್ಲಿಂದ ನನಗೆ ಈ ಹುಚ್ಚು ಹಿಡಿಯಿತು.

ದ್ರಾಕ್ಷಿಯ ಪರಿಮಳ ಜಾಸ್ತಿ ಇರುವುದು ರಸದಲ್ಲಲ್ಲ, ಸಿಪ್ಪೆಯಲ್ಲಿ. ಮಸ್ಕಟ್ ಜಾತಿಯ ಹಣ್ಣಿನಲ್ಲಿ ಲಿನಲೂಲ್, ಜೆರಾನಿಯಾಲ್ ಅಂತ ಪರಿಮಳದ ವಸ್ತುಗಳು ಇರುತ್ತವೆ. ಹೆಸರು ಕೇಳಿ ಹೆದರಬೇಡಿ, ನಾವು ಹುಳಿಪುಡಿಗೆ ಕೊತ್ತಂಬರಿ ಬೀಜ ಹುರಿಯುವಾಗ ಮನೆಯೆಲ್ಲ ತುಂಬುತ್ತದಲ್ಲ, ಆ ಬೀಜದ ಎಣ್ಣೆಯಲ್ಲಿ ಮುಕ್ಕಾಲು ಪಾಲಿನ ಹತ್ತಿರ ಈ ಲಿನಲೂಲೇ ಇರುವುದು. ಜೆರಾನಿಯಾಲ್ ಗುಲಾಬಿಯ ವಾಸನೆ. ಮಜಾ ಏನು ಗೊತ್ತಾ, ಇವುಗಳಲ್ಲಿ ಬಹಳಷ್ಟು ಹಣ್ಣಿನಲ್ಲಿ ಸಕ್ಕರೆಗೆ ಅಂಟಿಕೊಂಡು ವಾಸನೆಯೇ ಇಲ್ಲದೆ ಕೂತಿರುತ್ತವೆ, ಹುದುಗು ಬಂದಾಗ, ಬಿಸಿ ಮತ್ತು ಹುಳಿ ತಾಗಿದಾಗ ಬಿಡಿಸಿಕೊಂಡು ಹೊರಗೆ ಬರುತ್ತವೆ. ಉಳಿದ ಹಣ್ಣು ಹಣ್ಣಾದ ವಾಸನೆಗಳು ಈಸ್ಟ್ ಕಟ್ಟಿದ ಎಸ್ಟರ್ ಅನ್ನೋ ಪರಿಮಳದ ವಸ್ತುಗಳು. ಐಸೋಅಮೈಲ್ ಅಸಿಟೇಟ್ ಅಂತ ಒಂದಿದೆ, ಕಣ್ಣು ಮುಚ್ಚಿದರೆ ಬಾಳೆಹಣ್ಣು.

ನಮ್ಮ ನೀಲಿ ದ್ರಾಕ್ಷಿ, ಅಂದರೆ ಬೆಂಗಳೂರು ಬ್ಲೂ, ಬೇರೆ ಜಾತಿ, ಅಮೆರಿಕದ ಲಬ್ರುಸ್ಕಾ ಕುಲದ ನೆಂಟ. ಆ ಕುಲಕ್ಕೆ ಮೀಥೈಲ್ ಆಂಥ್ರನಿಲೇಟ್ ವಾಸನೆ ಹೆಸರುವಾಸಿ, ಪೆಟ್ಟಿಗೆ ಅಂಗಡಿಯ ಗ್ರೇಪ್ ಸೋಡಾ, ಬಬಲ್‌ಗಮ್‌ಗೆ ಹಾಕುವುದೂ ಅದನ್ನೇ. ಫ್ರೆಂಚರಿಗೆ ಇದು ನರಿ ವಾಸನೆಯಂತೆ! ನಮಗೆ ದ್ರಾಕ್ಷಿ ಅಂದರೆ ಇದೇ ಅಲ್ವಾ. ನಿಮ್ಮ ಲೇಖನದಲ್ಲಿ ಇದರ ಬಗ್ಗೆ ಒಂದು ಅಕ್ಷರ ಇಲ್ಲ, ಬರೀ ಇಟಲಿ.

ಈಗ ಆ ಸಾಲಿಗೆ ಬರುತ್ತೇನೆ. ಸಿಪ್ಪೆಯಲ್ಲಿ ಪೆಕ್ಟಿನ್ ಇರುತ್ತದೆ, ಜಾಮ್ ಗಟ್ಟಿಯಾಗುವುದು ಅದರಿಂದಲೇ. ಹಣ್ಣಿನಲ್ಲೇ ಇರುವ ಒಂದು ಕಿಣ್ವ ಈ ಪೆಕ್ಟಿನ್ ಒಡೆದಾಗ ಮೆಥನಾಲ್ ಹುಟ್ಟುತ್ತದೆ. ಅದಕ್ಕೇ ವೈನ್‌ಗಿಂತ ಸಿಪ್ಪೆ ಮದ್ಯದಲ್ಲಿ ಮೆಥನಾಲ್ ಜಾಸ್ತಿ. ಯುರೋಪಿನ ನಿಯಮದಲ್ಲಿ ವೈನ್ ಬಟ್ಟಿ ಇಳಿಸಿದ ಮದ್ಯಕ್ಕೆ 100 ಲೀಟರ್ ಶುದ್ಧ ಆಲ್ಕೋಹಾಲ್‌ಗೆ 200 ಗ್ರಾಂ ಮಿತಿ ಇದ್ದರೆ, ಸಿಪ್ಪೆಯದ್ದಕ್ಕೆ 1000 ಗ್ರಾಂವರೆಗೆ ಬಿಟ್ಟಿದ್ದಾರೆ. ನಮ್ಮ ನೀಲಿ ದ್ರಾಕ್ಷಿ ಹಿಸುಕಿದರೆ ತಿರುಳು ಪುಳಕ್ ಅಂತ ಜಾರಿ ಬರುತ್ತದೆ, ಸಿಪ್ಪೆ ದಪ್ಪ, ಪೆಕ್ಟಿನ್‌ಗೇನೂ ಬರ ಇಲ್ಲ.

ಮೆಥನಾಲ್ 65 ಡಿಗ್ರಿಗೆ ಕುದಿಯುತ್ತದೆ, ಆಲ್ಕೋಹಾಲ್ 78ಕ್ಕೆ, ಹಾಗಾಗಿ ಅದು ಮೊದಲೇ ಹೋಗುತ್ತದೆ ಅನ್ನೋದು ಕಾಗದದ ಮೇಲಿನ ಲೆಕ್ಕ. ನೀರು, ಆಲ್ಕೋಹಾಲ್ ಎಲ್ಲ ಬೆರೆತ ಹಂಡೆಯಲ್ಲಿ ಅದು ಸಾಲಾಗಿ ನಿಂತು ಒಬ್ಬೊಬ್ಬರಾಗಿ ಹೊರಡಲ್ಲ. ಮೊದಲ ಹನಿಯಿಂದ ಕೊನೆಯವರೆಗೂ ಮೆಥನಾಲ್ ಬರುತ್ತಲೇ ಇರುತ್ತದೆ. ಮೊದಲ ಲೋಟದಲ್ಲಿ ಮೂಗಿಗೆ ಹೊಡೆಯುವುದು ಅಸಿಟಾಲ್ಡಿಹೈಡ್ ಮತ್ತು ಈಥೈಲ್ ಅಸಿಟೇಟ್, ಅಂದರೆ ಉಗುರು ಬಣ್ಣ ಅಳಿಸುವ ದ್ರಾವಣದ ವಾಸನೆ. ಅದು ಹೋಯಿತು ಅಂದರೆ ಘಾಟು ಹೋಯಿತು ಅಷ್ಟೇ. ಮೆಥನಾಲ್‌ನ ವಾಸನೆ ಮಾಮೂಲಿ ಆಲ್ಕೋಹಾಲ್ ಥರಾನೇ ಇರುತ್ತದೆ, ಯಾರ ಮೂಗಿಗೂ ಸಿಗಲ್ಲ. ಇಟಲಿಯ ದೊಡ್ಡ ಡಿಸ್ಟಿಲರಿಗಳು ಮೆಥನಾಲ್ ತೆಗೆಯಲೆಂದೇ ಬಟ್ಟಿ ಇಳಿಸುವ ಬೇರೆ ಕಂಬದಂಥ ಸಾಧನ (ಕಾಲಂ) ಇಟ್ಟುಕೊಂಡಿವೆ, ಲ್ಯಾಬಿನಲ್ಲಿ ಅಳೆಯುತ್ತಾರೆ.

ಸಣ್ಣ ವಿಷಯಕ್ಕೆ ಇಷ್ಟು ದೊಡ್ಡ ಪತ್ರ ಯಾಕೆ ಅನ್ನಬೇಡಿ. 2008ರ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರ, ಆ ಕಡೆ ಕೃಷ್ಣಗಿರಿಯಲ್ಲಿ ಕಳ್ಳಬಟ್ಟಿ ಕುಡಿದು ನೂರಕ್ಕೂ ಹೆಚ್ಚು ಜನ ಸತ್ತರು. ಅದು ದ್ರಾಕ್ಷಿಯದ್ದಲ್ಲ, ಕಾರ್ಖಾನೆಯ ಮೆಥನಾಲ್ ಬೆರೆಸಿದ್ದು, ಎರಡನ್ನೂ ಒಂದೇ ತಕ್ಕಡಿಗೆ ಹಾಕಬಾರದು. ಆದರೂ ಈ ಜಿಲ್ಲೆಗಳಲ್ಲಿ ಓದುವ ಪತ್ರಿಕೆ ಮೂಗಿನಿಂದ ಪರೀಕ್ಷೆ ಮಾಡಿ ಅಂತ ಹೇಳಿದರೆ ಹೇಗೆ? ಲೈಸೆನ್ಸ್ ಇಲ್ಲದೆ ಮನೆಯಲ್ಲಿ ಬಟ್ಟಿ ಇಳಿಸುವುದು ಅಪರಾಧ ಅಂತಲೂ ಲೇಖನದಲ್ಲಿ ಎಲ್ಲೂ ಇರಲಿಲ್ಲ.

ಸಿಪ್ಪೆ ಉಪಯೋಗಿಸಬೇಕು ಅನ್ನೋದರಲ್ಲಿ ನನ್ನದೂ ಅದೇ ಮಾತು. ಲೈಸೆನ್ಸ್ ಇರುವ ಯಾರಾದರೂ ಹಿಂಡಿದ ದಿನವೇ ಸಿಪ್ಪೆಯನ್ನು ಗಾಳಿಯಾಡದಂತೆ ಒತ್ತಿ ಮುಚ್ಚಿ, ಹಬೆಯಲ್ಲಿ ಇಳಿಸಿ, ಅಳೆದು ನೋಡಲಿ. ನೀಲಿ ದ್ರಾಕ್ಷಿಯ ಆ ಸೋಡಾ ವಾಸನೆ ಹಂಡೆ ದಾಟಿ ಎಷ್ಟು ಬರುತ್ತದೆ ನೋಡೋ ಆಸೆ ನನಗೂ ಇದೆ.

ಆ ಒಂದು ಸಾಲಿಗೆ ದಯವಿಟ್ಟು ತಿದ್ದುಪಡಿ ಹಾಕಿ, ಒಳಗಿನ ಪುಟದ ಮೂಲೆಯಲ್ಲಿ ಬೇಡ, ಅದೇ ಪುರವಣಿಯಲ್ಲಿ. ಹಾಗೇ ಫೋಟೋ ಕೂಡ. ಬೆಂಗಳೂರು ಬ್ಲೂ ಅಂತ ಕೆಳಗೆ ಬರೆದು ನೀವು ಹಾಕಿದ್ದು ಥಾಮ್ಸನ್ ಸೀಡ್‌ಲೆಸ್, ಹಸಿರು ಹಸಿರಾಗಿ ಕಾಣುತ್ತಿತ್ತು.

ಇಂತಿ,
ಒಬ್ಬ ದ್ರಾಕ್ಷಿ ಬೆಳೆಗಾರ
ಚಿಕ್ಕಬಳ್ಳಾಪುರ ತಾಲ್ಲೂಕು