ಆಪ್ತ ಸಮಾಲೋಚಕರಿಗೆ ನೋಂದಣಿಯಷ್ಟೇ ಸಾಲದು, ಮೇಲ್ವಿಚಾರಣೆಯೂ ಬೇಕು

ಮಾನ್ಯ ಸಂಪಾದಕರೇ,

ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳು ಮಕ್ಕಳ ಮತ್ತು ಹದಿಹರೆಯದವರ ಮಾನಸಿಕ ಆರೋಗ್ಯದಲ್ಲಿ ತರಬೇತಿ ಪಡೆದ ಕನಿಷ್ಠ ಒಬ್ಬ ಅರ್ಹ ಆಪ್ತ ಸಮಾಲೋಚಕರನ್ನೋ, ಮನಶ್ಶಾಸ್ತ್ರಜ್ಞರನ್ನೋ, ಸಮಾಜ ಕಾರ್ಯಕರ್ತರನ್ನೋ ನೇಮಿಸಿಕೊಳ್ಳಬೇಕೆಂದು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಮಾರ್ಗಸೂಚಿ ಹೊರಡಿಸಿತು. ಮಾರ್ಗಸೂಚಿ ಸ್ವಾಗತಾರ್ಹ. ಆದರೆ ಆ ಅರ್ಹತೆಯನ್ನು ಒರೆಗೆ ಹಚ್ಚಿ ಪರವಾನಗಿ ಕೊಡುವ ವ್ಯವಸ್ಥೆ ಆಪ್ತ ಸಮಾಲೋಚಕರ ಮಟ್ಟಿಗೆ ನಮ್ಮಲ್ಲಿ ಇನ್ನೂ ನೆಲೆಗೊಂಡಿಲ್ಲ. ಈ ವೃತ್ತಿಯಲ್ಲೇ ಇರುವ ನಾನು ಇದರ ಒಂದು ಮುಖ್ಯ ಕೊರತೆಯ ಕಡೆಗೆ ಓದುಗರ ಮತ್ತು ಸರ್ಕಾರದ ಗಮನ ಸೆಳೆಯಬಯಸುತ್ತೇನೆ.

ಕ್ಲಿನಿಕಲ್ ಮನಶ್ಶಾಸ್ತ್ರಜ್ಞರ ಸ್ಥಿತಿ ಬೇರೆ. 1992ರ ಭಾರತೀಯ ಪುನರ್ವಸತಿ ಮಂಡಳಿ ಕಾಯ್ದೆಯ ಪ್ರಕಾರ ಅವರು ಕೇಂದ್ರ ರಿಜಿಸ್ಟರ್‌ನಲ್ಲಿ ಹೆಸರು ನೋಂದಾಯಿಸಿಕೊಳ್ಳದೆ ವೃತ್ತಿ ನಡೆಸುವಂತಿಲ್ಲ. ನಡೆಸಿದರೆ ಒಂದು ವರ್ಷದವರೆಗೆ ಸೆರೆವಾಸ, ಇಲ್ಲವೇ ಒಂದು ಸಾವಿರ ರೂಪಾಯಿಯವರೆಗೆ ದಂಡ, ಅಥವಾ ಎರಡೂ. (ಬೆಂಗಳೂರಿನ ಎಷ್ಟೋ ಕಡೆ ಒಂದು ಗಂಟೆಯ ಸಮಾಲೋಚನೆಯ ಶುಲ್ಕವೇ ಆ ದಂಡಕ್ಕಿಂತ ಹೆಚ್ಚು.) 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೂ ಕ್ಲಿನಿಕಲ್ ಮನಶ್ಶಾಸ್ತ್ರಜ್ಞರು, ಮಾನಸಿಕ ಆರೋಗ್ಯ ಶುಶ್ರೂಷಕರು ಹಾಗೂ ಮನೋವೈದ್ಯಕೀಯ ಸಮಾಜ ಕಾರ್ಯಕರ್ತರನ್ನು ರಾಜ್ಯ ಪ್ರಾಧಿಕಾರದಲ್ಲಿ ನೋಂದಾಯಿಸುವ ಏರ್ಪಾಡು ಮಾಡಿದೆಯೇ ಹೊರತು ಆಪ್ತ ಸಮಾಲೋಚಕರನ್ನು ಆ ಸಾಲಿಗೆ ಸೇರಿಸಿಲ್ಲ. ಕೊನೆಗೆ 2021ರ ರಾಷ್ಟ್ರೀಯ ಅಲೈಡ್ ಮತ್ತು ಆರೋಗ್ಯ ವೃತ್ತಿಗಳ ಆಯೋಗ ಕಾಯ್ದೆ ತನ್ನ ಅನುಸೂಚಿಯಲ್ಲಿ ವರ್ತನಾ ಆರೋಗ್ಯ ವಿಜ್ಞಾನದ ಅಡಿಯಲ್ಲಿ ಹಲವು ಬಗೆಯ ಸಮಾಲೋಚಕರನ್ನು ಹೆಸರಿಸಿತು. ಆದರೆ ಈ ಕಾಯ್ದೆಯಡಿ ವೃತ್ತಿಪರರನ್ನು ನೋಂದಾಯಿಸಬೇಕಾದ ರಾಜ್ಯ ಮಂಡಳಿಗಳ ರಚನೆ ಕುಂಟುತ್ತಲೇ ಸಾಗಿ, 2024ರಲ್ಲಿ ಸುಪ್ರೀಂ ಕೋರ್ಟೇ ಗಡುವು ವಿಧಿಸಬೇಕಾಯಿತು.

ಈ ಕಾಯ್ದೆ ಆರೋಗ್ಯ ವೃತ್ತಿಪರರ ಪದವಿಗೆ ಕನಿಷ್ಠ 3,600 ಗಂಟೆಗಳ ವ್ಯಾಸಂಗ ಬೇಕೆಂದು ಲೆಕ್ಕ ಹೇಳುತ್ತದೆ. ಆದರೆ ಅದು ಪದವಿಯ ಲೆಕ್ಕ. ಪದವಿ ಕೈಗೆ ಬಂದ ಮೇಲೆ, ನಿಜವಾದ ಸಂಕಟ ಹೊತ್ತು ಬಂದವರ ಎದುರು ಕುಳಿತಾಗ, ಹೊಸಬರ ಬೆನ್ನಿಗೆ ಯಾರಿರುತ್ತಾರೆ ಎಂಬುದೇ ನನ್ನ ಪ್ರಶ್ನೆ.

ಹದಿನೇಳರ ಹುಡುಗಿಯೊಬ್ಬಳು 'ಸಾಕಾಗಿ ಹೋಗಿದೆ ಮೇಡಂ' ಎಂದು ಸುಮ್ಮನಾಗುತ್ತಾಳೆ ಎನ್ನಿ. ಅದು ಪರೀಕ್ಷೆಯ ದಣಿವೋ, ಸಾಯುವ ಯೋಚನೆಯೋ? ಹೊಸ ಸಮಾಲೋಚಕಿ ಗಾಬರಿಯಿಂದ ಧೈರ್ಯದ ಮಾತು ಹೇಳಿ ಕಳುಹಿಸಿಬಿಡುವ ಸಾಧ್ಯತೆಯೇ ಹೆಚ್ಚು. ಅದೇ ವಾರ ಅನುಭವಿ ಮೇಲ್ವಿಚಾರಕರ ಮುಂದೆ ಆಕೆ ತನ್ನ ಟಿಪ್ಪಣಿಯನ್ನು, ಹುಡುಗಿಯ ಗುರುತು ಮರೆಮಾಚಿ, ಓದಬೇಕಾಗಿ ಬಂದರೆ, ಅವರು ಆ ಮೌನದ ಬಳಿಯೇ ನಿಲ್ಲಿಸಿ, 'ಸಾಯಬೇಕು ಅನ್ನಿಸುತ್ತಿದೆಯಾ ಎಂದು ನೇರವಾಗಿ ಯಾಕೆ ಕೇಳಲಿಲ್ಲ?' ಎನ್ನುತ್ತಾರೆ. ಹಾಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆಂಬ ಭಯಕ್ಕೆ ಆಧಾರವಿಲ್ಲ ಎಂಬುದನ್ನು ಪುಸ್ತಕದಲ್ಲಿ ಓದಿರುವುದು ಬೇರೆ, ಬಾಯಿಬಿಟ್ಟು ಕೇಳಲು ಕಲಿಯುವುದು ಬೇರೆ. ಹುಡುಗಿಯನ್ನು ಅಂದೇ ಮತ್ತೆ ಕರೆಸಬೇಕೆ, ಮನೆಯವರಿಗೆ ಎಷ್ಟು ತಿಳಿಸಬೇಕು, ಮನೋವೈದ್ಯರ ಬಳಿಗೆ ಯಾವಾಗ ಕಳುಹಿಸಬೇಕು ಎಂಬುದೆಲ್ಲ ಇತ್ಯರ್ಥವಾಗುವುದು ಮೇಲ್ವಿಚಾರಕರೊಡನೆ ಕೂರುವ ಆ ಒಂದು ಗಂಟೆಯಲ್ಲೇ.

ಅಮೆರಿಕದಲ್ಲಿ ಸಮಾಲೋಚಕರ ಪರವಾನಗಿಯನ್ನು ಮೊದಲು ಕಾನೂನಾಗಿಸಿದ್ದು ವರ್ಜೀನಿಯಾ, 1976ರಲ್ಲಿ. ಐವತ್ತು ರಾಜ್ಯಗಳ ಪೈಕಿ ಕೊನೆಯದು ಕ್ಯಾಲಿಫೋರ್ನಿಯಾ, 2009ರಲ್ಲಿ. ತಡವಾಗಿ ಬಂದರೂ ಕ್ಯಾಲಿಫೋರ್ನಿಯಾದ ನಿಯಮ ಬಿಗಿಯಾಗಿದೆ. ಸ್ನಾತಕೋತ್ತರ ಪದವಿಯ ನಂತರ 'ಅಸೋಸಿಯೇಟ್' ಎಂದು ನೋಂದಾಯಿಸಿಕೊಂಡು, ಕನಿಷ್ಠ 104 ವಾರಗಳ ಅವಧಿಯಲ್ಲಿ 3,000 ಗಂಟೆ ಮೇಲ್ವಿಚಾರಣೆಯಡಿ ದುಡಿಯಬೇಕು. ಅದರಲ್ಲಿ 1,750 ಗಂಟೆಯಾದರೂ ನೇರ ಸಮಾಲೋಚನೆಯಾಗಿರಬೇಕು. ಮೇಲ್ವಿಚಾರಕರೊಡನೆ ವಾರಕ್ಕೆ ಕನಿಷ್ಠ ಒಂದು ಗಂಟೆ ಒಬ್ಬೊಬ್ಬರಾಗಿ, ಇಲ್ಲವೇ ಎರಡು ಗಂಟೆ ಗುಂಪಿನಲ್ಲಿ ಕೂರಬೇಕು. ಮೇಲ್ವಿಚಾರಕರಿಗೂ ಪ್ರತ್ಯೇಕ ತರಬೇತಿ ಕಡ್ಡಾಯ. ಇದೇನೂ ದೋಷವಿಲ್ಲದ ವ್ಯವಸ್ಥೆಯಲ್ಲ. ಗಂಟೆ ತುಂಬಿಸಲು ಕಡಿಮೆ ಸಂಬಳಕ್ಕೆ ವರ್ಷಗಟ್ಟಲೆ ದುಡಿಯಬೇಕೆಂಬ ದೂರು ಅಲ್ಲಿಯೂ ಇದೆ. ಅವರ 3,000 ಗಂಟೆಗಳನ್ನು ಇಲ್ಲಿಗೆ ಹಾಗೆಯೇ ತರಬೇಕೆಂದು ನಾನೂ ಹೇಳುವುದಿಲ್ಲ.

ಇಷ್ಟೆಲ್ಲ ಕೇಳಿದರೆ ತಾಲ್ಲೂಕುಗಳಿಗೆ ಯಾರೂ ಸಿಗುವುದಿಲ್ಲ ಎಂಬ ಆಕ್ಷೇಪ ಬರುತ್ತದೆ, ಅದು ಹುರುಳಿಲ್ಲದ್ದೂ ಅಲ್ಲ. ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ 10.6ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆಯಿದ್ದು, ಅವರಲ್ಲಿ ಬಹುಪಾಲು ಜನರಿಗೆ ಚಿಕಿತ್ಸೆಯೇ ತಲುಪಿರಲಿಲ್ಲ. ಆದರೆ ನಾನು ಕೇಳುತ್ತಿರುವುದು ಬಾಗಿಲು ಮುಚ್ಚುವುದನ್ನಲ್ಲ. ತಾತ್ಕಾಲಿಕ ನೋಂದಣಿ ಕೊಟ್ಟು ಕೆಲಸಕ್ಕೆ ಸೇರಿಸಿಕೊಳ್ಳಲಿ, ಎರಡು ವರ್ಷ ವಾರಕ್ಕೊಂದು ಗಂಟೆ ಮೇಲ್ವಿಚಾರಣೆ ಪೂರೈಸಿದವರಿಗೆ ಪೂರ್ಣ ಪರವಾನಗಿ ಕೊಡಲಿ. ನಿಮ್ಹಾನ್ಸ್ ದೂರದ ಜಿಲ್ಲೆಗಳ ವೈದ್ಯರೊಡನೆ ವಿಡಿಯೊ ಮೂಲಕ ಪ್ರಕರಣ ಚರ್ಚಿಸಿ ತರಬೇತಿ ಕೊಡುತ್ತಾ ಬಂದಿರುವುದರಿಂದ, ಯಾದಗಿರಿಯಲ್ಲಿ ಕುಳಿತವರಿಗೆ ಬೆಂಗಳೂರಿನಿಂದ ಮೇಲ್ವಿಚಾರಣೆ ಒದಗಿಸುವುದು ಅಸಾಧ್ಯವೇನಲ್ಲ. ವೆಚ್ಚವನ್ನು ಮಾತ್ರ ನೇಮಿಸಿಕೊಂಡ ಸಂಸ್ಥೆಯೇ ಭರಿಸಬೇಕು.

ಇನ್ನೊಂದು ಮಾತು. ವಾರಾಂತ್ಯದ ಆನ್‌ಲೈನ್ ಸರ್ಟಿಫಿಕೇಟ್ ಪಡೆದ ಉಪನ್ಯಾಸಕರಿಗೇ ಸಮಾಲೋಚನೆಯ ಹೊಣೆ ಹೊರಿಸುವ ಕಾಲೇಜುಗಳಿವೆ. ಆಂತರಿಕ ಅಂಕ ಕೊಡುವವರ ಮುಂದೆ ಯಾವ ವಿದ್ಯಾರ್ಥಿ ಮನೆಯ ಸಂಗತಿ ಬಿಚ್ಚಿಟ್ಟಾನು? ಮೇಲ್ವಿಚಾರಣೆಗೂ ಇದೇ ನ್ಯಾಯ ಅನ್ವಯಿಸುತ್ತದೆ. ತಿಂಗಳಿಗೊಮ್ಮೆ ಬಂದು ರಿಜಿಸ್ಟರ್ ತಿರುವಿ, ಎಷ್ಟು ಜನ ಬಂದರೆಂದು ಎಣಿಸಿ ಸಹಿ ಹಾಕುವ ಅಧಿಕಾರಿಯನ್ನು ಮೇಲ್ವಿಚಾರಕರೆಂದು ತೋರಿಸಿ ನಿಯಮ ಪಾಲಿಸಿದ ಶಾಸ್ತ್ರ ಮುಗಿಸುವ ಅಪಾಯವಿದೆ. ಆದ್ದರಿಂದ ರಾಜ್ಯ ಮಂಡಳಿ ಸಮಾಲೋಚಕರ ನೋಂದಣಿಗೆ ನಿಯಮ ರೂಪಿಸುವಾಗ ಮೇಲ್ವಿಚಾರಕರ ಪಟ್ಟಿಯನ್ನೂ ಪ್ರತ್ಯೇಕವಾಗಿ ಪ್ರಕಟಿಸಬೇಕು. ಸಮಾಲೋಚಕರ ಸಂಬಳ, ಬಡ್ತಿ, ವರ್ಗಾವಣೆ ಯಾರ ಕೈಯಲ್ಲಿದೆಯೋ ಅವರ ಹೆಸರು ಆ ಸಮಾಲೋಚಕರ ಮೇಲ್ವಿಚಾರಕರ ಜಾಗದಲ್ಲಿ ಇರಕೂಡದೆಂದು ಸ್ಪಷ್ಟವಾಗಿ ಬರೆಯಬೇಕು.

– ಓರ್ವ ಆಪ್ತ ಸಮಾಲೋಚಕಿ, ಶಿವಮೊಗ್ಗ